ವಿದೇಶಿ ಅತಿಥಿಗಳ ಕೈಗೆ ನಿಮ್ಮ ಮೊಬೈಲ್ ಮತ್ತು ಪಿನ್ ಕೊಡಬೇಡಿ

ಮನೆಗೆ ಬಂದವರಿಗೆ ಅನುಕೂಲವಾಗಲಿ ಎಂದು ಮಾಡಿದ ಒಂದು ಕೆಲಸದಿಂದ ನನ್ನ ಹೆಂಡತಿಯ ಖಾತೆಯಲ್ಲಿದ್ದ 38,400 ರೂಪಾಯಿ ಹೋಯಿತು. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಮಕ್ಕಳು ಹೊರದೇಶದಲ್ಲಿರುವ ಮನೆಗಳು ಬಹಳ. ಅವರ ಗೆಳೆಯರು ಮಲೆನಾಡು ನೋಡಲು ಬರುವುದೂ ಇದೆ. ಅಂಥ ಮನೆಯವರು ದಯವಿಟ್ಟು ಇದನ್ನು ಪೂರ್ತಿ ಓದಿ.

ಕಳೆದ ಡಿಸೆಂಬರಿನಲ್ಲಿ, ನೆದರ್ಲೆಂಡ್ಸ್‌ನಲ್ಲಿ ನನ್ನ ಮಗನ ಜೊತೆ ಕೆಲಸ ಮಾಡುವ ಯುವಕ ಮತ್ತು ಅವನ ಹೆಂಡತಿ ಸಾಗರದ ಹತ್ತಿರದ ನಮ್ಮ ಮನೆಗೆ ಬಂದರು. ಇಬ್ಬರ ಬಳಿಯೂ ಒಂದೊಂದು ಕಾರ್ಡ್, ಸ್ವಲ್ಪ ಯೂರೋ. ರೂಪಾಯಿ ಎಂದು ಇದ್ದದ್ದು ಏಳೆಂಟು ನೂರು ಅಷ್ಟೇ. ನಮ್ಮಲ್ಲಿ ಎಳನೀರಿನ ಗಾಡಿಯವರೂ ಮೊಬೈಲಿನಲ್ಲೇ ಹಣ ತೆಗೆದುಕೊಳ್ಳುತ್ತಾರೆ ಎಂದು ಮಗ ಹೆಮ್ಮೆಯಿಂದ ಹೇಳಿ ಕಳಿಸಿದ್ದ. ಅದು ನಿಜವೇ. ಆದರೆ ಯುಪಿಐ ನಡೆಯಬೇಕಾದರೆ ಇಲ್ಲಿನ ಬ್ಯಾಂಕ್ ಖಾತೆ ಬೇಕು, ಆ ಖಾತೆಗೆ ಜೋಡಿಸಿದ ಮೊಬೈಲ್ ಸಂಖ್ಯೆ ಬೇಕು, ಆ ಸಿಮ್ ಅದೇ ಮೊಬೈಲಿನಲ್ಲಿರಬೇಕು. ಹದಿನೈದು ದಿನಕ್ಕೆ ಬಂದವರಿಗೆ ಇದೆಲ್ಲ ಎಲ್ಲಿಂದ ಬರಬೇಕು? ನಮಗೆ ಉಸಿರಾಡಿದಷ್ಟು ಸಲೀಸಾಗಿರುವುದರಿಂದ ಈ ಪ್ರಶ್ನೆ ಮಗನಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಮೊದಲ ದಿನ ಜೋಗದಲ್ಲಿ ಎಳನೀರು ಕುಡಿದರು. ಹಣ ನಾನೇ ಕೊಡುತ್ತೇನೆ ಎಂದು ಆ ಹುಡುಗ ಮುಂದೆ ಬಂದು, ಕ್ಯೂಆರ್ ಫಲಕದ ಪಕ್ಕದಲ್ಲಿದ್ದ ಸ್ಪೀಕರ್ ಪೆಟ್ಟಿಗೆಗೆ ತನ್ನ ಕಾರ್ಡನ್ನು ತಾಗಿಸಿ ಹಿಡಿದುಕೊಂಡು ನಿಂತ. ಅವನ ಊರಿನಲ್ಲಿ ಹಾಗೆ ತಾಗಿಸಿದರೆ ಹಣ ಹೋಗುತ್ತದೆ. ಇಲ್ಲಿ ಏನೂ ಆಗಲಿಲ್ಲ. ಇನ್ನೊಮ್ಮೆ ಹಿಡಿದ. ಅಂಗಡಿಯಾಕೆ, 'ಪರವಾಗಿಲ್ಲ ಬಿಡಿ, ದೂರದಿಂದ ಬಂದವರು' ಎಂದರು. ಹಣ ನಾನು ಕೊಟ್ಟೆ. ಅವನ ಮುಖ ಕೆಂಪಾದದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಮರುದಿನ ಎಟಿಎಂಗೆ ಹೋದೆವು. ಒಂದರಲ್ಲಿ ಹಣವೇ ಇರಲಿಲ್ಲ. ಇನ್ನೊಂದು ಅವನ ಕಾರ್ಡನ್ನು ಎರಡು ಸಲ ತಿರಸ್ಕರಿಸಿತು. ಅಲ್ಲಿನ ಹಲವು ಬ್ಯಾಂಕ್‌ಗಳ ಡೆಬಿಟ್ ಕಾರ್ಡ್ ಯೂರೋಪಿನ ಹೊರಗೆ ನಡೆಯಬೇಕಾದರೆ ಹೊರಡುವ ಮುಂಚೆಯೇ ಆ್ಯಪ್‌ನಲ್ಲಿ ಅದಕ್ಕೆ ಅನುಮತಿ ಕೊಟ್ಟಿರಬೇಕಂತೆ. ಅವನು ಮರೆತಿದ್ದ. ಈಗ ಮಾಡೋಣವೆಂದರೆ ನಮ್ಮ ಮನೆಯಿರುವ ಕಣಿವೆಯಲ್ಲಿ ಅವನ ಸಿಮ್‌ಗೆ ನೆಟ್‌ವರ್ಕ್ ಇಲ್ಲ. ಅವಳ ಕಾರ್ಡನ್ನು ಪೇಟೆಯ ಅಂಗಡಿಯ ಸ್ವೈಪ್ ಯಂತ್ರ ಒಪ್ಪಲಿಲ್ಲ. ಹೊರದೇಶದ ಕಾರ್ಡ್ ಇದರಲ್ಲಿ ನಡೆಯುವುದಿಲ್ಲ ಎಂದರು ಮಾಲೀಕರು. ಗುಡಿಗಾರರ ಮನೆಯಲ್ಲಿ ಅವಳು ಆಸೆಪಟ್ಟ ಗಂಧದ ಪುಟ್ಟ ಆನೆ ಅಲ್ಲೇ ಉಳಿಯಿತು.

ಆಗ ನಮ್ಮಲ್ಲಿ ಅಡಿಕೆ ಗೊನೆ ಕೊಯ್ಲಿನ ಕಾಲ. ಚಪ್ಪರದಲ್ಲಿ ಅಡಿಕೆ ಸುಲಿಯುವವರನ್ನು ಬಿಟ್ಟು ನಾನು ಹೊರಡುವಂತಿರಲಿಲ್ಲ. ಅತಿಥಿಗಳಿಗೆ ಆಗುಂಬೆ, ಶೃಂಗೇರಿ ನೋಡುವ ಆಸೆ. ಹೆಂಡತಿಯ ಮೊಬೈಲನ್ನು ಅವರ ಕೈಗಿಟ್ಟು, ಯುಪಿಐ ಪಿನ್‌ನ ಆರು ಅಂಕಿಗಳನ್ನು ಚೀಟಿಯಲ್ಲಿ ಬರೆದು ಕೊಟ್ಟೆ. ನಾನು ಮಾಡಿದ ತಪ್ಪು ಇದೇ. ನಗದು ಕೊಟ್ಟಿದ್ದರೆ ಮುಗಿದಿತ್ತು.

ಎರಡನೆಯ ದಿನ ಅವರು ಅಂತರಜಾಲದಲ್ಲಿ ಸಿಕ್ಕ ಸಂಖ್ಯೆಗೆ ಕರೆ ಮಾಡಿ, ಮೂರು ರಾತ್ರಿಗೆಂದು ಒಂದು ಹೋಂಸ್ಟೇಗೆ 9,600 ರೂಪಾಯಿ ಮುಂಗಡ ಕಳಿಸಿದರು. ಹೋಗಿ ನೋಡಿದರೆ ಅಲ್ಲಿ ಆ ಹೆಸರಿನ ಮನೆಯೇ ಇಲ್ಲ. ಅದೇ ಸಂಖ್ಯೆಗೆ ಮತ್ತೆ ಕರೆ ಮಾಡಿದರು. ಆಚೆಯವನು ಒಳ್ಳೆಯ ಇಂಗ್ಲಿಷಿನಲ್ಲಿ ಕ್ಷಮೆ ಕೇಳಿ, ಹಣ ವಾಪಸ್ ಕೊಡುತ್ತೇನೆ, ನಾನು ಕಳಿಸುವ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ, ನಿಮ್ಮ ಖಾತೆಗೆ ಬರುತ್ತದೆ ಎಂದ. ಒತ್ತಿದರು. ಬರಲಿಲ್ಲ, ಇನ್ನೊಮ್ಮೆ ಒತ್ತಿ ಎಂದ. ಹೀಗೆ ಮೂರು ಸಲ. ಯುಪಿಐ ಪಿನ್ ಇರುವುದು ಹಣ ಕೊಡುವುದಕ್ಕೆ. ಹಣ ಪಡೆಯುವುದಕ್ಕೆ ಪಿನ್ ಬೇಕಿಲ್ಲ, ಸ್ಕ್ಯಾನ್ ಮಾಡುವುದೂ ಬೇಕಿಲ್ಲ. ಇದು ನಮ್ಮವರಿಗೇ ಎಷ್ಟೋ ಜನಕ್ಕೆ ಗೊತ್ತಿಲ್ಲದಿರುವಾಗ, ಆ ಆ್ಯಪನ್ನು ಹಿಂದಿನ ದಿನವಷ್ಟೇ ಕಂಡವರು ಹೇಗೆ ತಿಳಿದಾರು? ಅವರನ್ನು ನಾನು ದೂರುವುದಿಲ್ಲ. ಹಣ ಹೋದ ಸಂದೇಶಗಳೆಲ್ಲ ಬಂದದ್ದು ಅವರ ಕೈಯಲ್ಲಿದ್ದ ಮೊಬೈಲಿಗೇ. ನಮಗೆ ತಿಳಿಯುವಾಗ ರಾತ್ರಿ ಎಂಟು ಗಂಟೆ.

ಸೈಬರ್ ಸಹಾಯವಾಣಿ 1930ಕ್ಕೆ ಆ ಕೂಡಲೇ ಕರೆ ಮಾಡಿ ದೂರು ದಾಖಲಿಸಿದೆವು. ಮಧ್ಯಾಹ್ನವೇ ಮಾಡಿದ್ದರೆ ಸ್ವಲ್ಪವಾದರೂ ತಡೆಯಬಹುದಿತ್ತೇನೋ. ಅಷ್ಟು ಹೊತ್ತಿಗೆ ಹಣ ಬೇರೆ ಖಾತೆಗಳಿಗೆ ದಾಟಿತ್ತು. ಬ್ಯಾಂಕಿನಲ್ಲಿ ಕೇಳಿದ ಮೊದಲ ಪ್ರಶ್ನೆಯೇ, ಪಿನ್ ಯಾರಿಗಾದರೂ ಹೇಳಿದ್ದಿರಾ ಎಂದು. ಸುಳ್ಳು ಹೇಳಲು ಮನಸ್ಸು ಬರಲಿಲ್ಲ. 2017ರ ಜುಲೈನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆಯ ಪ್ರಕಾರ, ಗ್ರಾಹಕರೇ ಪಿನ್ ಹಂಚಿಕೊಂಡು ಆದ ನಷ್ಟವನ್ನು ಬ್ಯಾಂಕಿಗೆ ತಿಳಿಸುವವರೆಗೂ ಗ್ರಾಹಕರೇ ಹೊರಬೇಕು. ಅಲ್ಲಿಗೆ ನಮ್ಮ ಬಾಯಿ ಕಟ್ಟಿತು.

ಹಣಕ್ಕಿಂತ ನೋವಾದದ್ದು ಮುಂದಿನ ನಾಲ್ಕು ದಿನ. ಆ ಹುಡುಗಿ ಊಟಕ್ಕೆ ಕೂತರೂ ತಟ್ಟೆಯಿಂದ ತಲೆ ಎತ್ತುತ್ತಿರಲಿಲ್ಲ. ಬೇಡವೆಂದರೂ ಕೇಳದೆ, ಊರಿಗೆ ಹೋದ ಮೇಲೆ ಮಗನ ಮೂಲಕ ಅಷ್ಟೂ ಹಣ ಕಳಿಸಿದರು. ನಮ್ಮ ಮನೆಯ ಅತಿಥಿಗಳು ದಂಡ ತೆತ್ತ ಹಾಗಾಯಿತು ಎಂದು ನನ್ನ ಹೆಂಡತಿ ಇಂದಿಗೂ ಕೊರಗುತ್ತಾಳೆ.

ವಿದೇಶಿಯರಿಗೆಂದೇ ಯುಪಿಐ ಒನ್ ವರ್ಲ್ಡ್ ಎಂಬ ವ್ಯಾಲೆಟ್ ಇದೆ ಎಂದು ನನಗೆ ತಿಳಿದದ್ದು ಇದೆಲ್ಲ ಮುಗಿದ ಮೇಲೆ. 2023ರಲ್ಲಿ ಜಿ-20 ದೇಶಗಳಿಂದ ಬೆಂಗಳೂರು, ಮುಂಬೈ, ದೆಹಲಿ ವಿಮಾನ ನಿಲ್ದಾಣಗಳಿಗೆ ಬಂದಿಳಿಯುವವರಿಗೆ ಆರಂಭವಾಗಿ, ಆಮೇಲೆ ಉಳಿದ ದೇಶದವರಿಗೂ ಸಿಗುವಂತಾಯಿತು. ಪಾಸ್‌ಪೋರ್ಟ್, ವೀಸಾ ತೋರಿಸಿ ಅದಕ್ಕೆ ರೂಪಾಯಿ ತುಂಬಿಸಿಕೊಂಡರೆ ಇಲ್ಲಿನ ಬ್ಯಾಂಕ್ ಖಾತೆ ಬೇಕಿಲ್ಲ. ಆದರೆ ಅದು ವ್ಯಾಪಾರಿ ಖಾತೆಗಳಿಗೆ ಮಾತ್ರ ನಡೆಯುತ್ತದೆ. ನಮ್ಮ ಹಳ್ಳಿಗಳಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಮಾರುವ ಮನೆಯಾಗಲಿ, ಆಟೋದವರಾಗಲಿ ತಮ್ಮ ಸ್ವಂತ ಖಾತೆಯ ಕ್ಯೂಆರ್ ಇಟ್ಟುಕೊಂಡಿದ್ದರೆ ಅಲ್ಲಿ ಪ್ರಯೋಜನಕ್ಕೆ ಬರುವುದಿಲ್ಲ. ಹಾಗಾಗಿ ವ್ಯಾಲೆಟ್ ಇದ್ದರೂ ಕೈಯಲ್ಲಿ ನೋಟು ಇರಲೇಬೇಕು.

ಮಾರ್ಚಿನಲ್ಲಿ ಮಗನ ಇನ್ನಿಬ್ಬರು ಗೆಳೆಯರು ಬರುವವರಿದ್ದಾರೆ. ಹೊರಡುವ ಮೊದಲೇ ಕಾರ್ಡನ್ನು ಹೊರದೇಶಕ್ಕೆ ತೆರೆಸಿಕೊಳ್ಳಲಿ, ಬೆಂಗಳೂರಿನಲ್ಲಿ ಇಳಿದ ಕೂಡಲೇ ವ್ಯಾಲೆಟ್ ಬಗ್ಗೆ ವಿಚಾರಿಸಲಿ, ಅಲ್ಲೇ ಹಣ ತೆಗೆದು ನೂರರ ನೋಟುಗಳನ್ನು ಹೆಚ್ಚಾಗಿ ಇಟ್ಟುಕೊಳ್ಳಲಿ, ಉಳಿಯುವ ಜಾಗವನ್ನು ನನ್ನನ್ನು ಕೇಳಿಯೇ ಗೊತ್ತುಮಾಡಲಿ ಎಂದು ಅವನಿಗೆ ಬರೆದು ಕಳಿಸಿದ್ದೇನೆ. 'ಸರಿ ಅಪ್ಪಯ್ಯ, ನಾನೇ ಕೂತು ಮಾಡಿಸಿ ಕಳಿಸುತ್ತೇನೆ' ಎಂದಿದ್ದಾನೆ.