ರಿಪೋರ್ಟ್‌ಬಗ್ ಜೊತೆ ಏಗಿದ ಅನುಭವ: ಪ್ರಶ್ನೆ ಜಾಸ್ತಿ, ಆದರೂ ಬಿಡಲಾರೆ

ಡೆಬಿಯನ್ ಅನ್ನೋ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಏನಾದರೂ ಕೆಟ್ಟರೆ ನಾನು ಮೊದಲು ಟರ್ಮಿನಲ್ ತೆರೆದು 'ರಿಪೋರ್ಟ್‌ಬಗ್' ಅಂತ ಹೊಡೆಯುತ್ತೇನೆ. ಬಗ್, ಅಂದರೆ ಸಾಫ್ಟ್‌ವೇರಿನ ದೋಷವನ್ನು, ವರದಿ ಮಾಡುವ ಪ್ರೋಗ್ರಾಂ ಅದು. ಇನ್‌ಸ್ಟಾಲ್ ಮಾಡೋದು ಹೇಗೆ ಅನ್ನೋದೆಲ್ಲ ಬೇರೆಡೆ ಸಿಗುತ್ತದೆ, ಬಿಡಿ.

ಕೆಟ್ಟ ಪ್ಯಾಕೇಜಿನ (ಸಾಫ್ಟ್‌ವೇರಿನ) ಹೆಸರು ಹೇಳಿದ ಕೂಡಲೇ ಅದರ ಹಳೇ ಬಗ್‌ಗಳ ಪಟ್ಟಿ ಮುಂದಿಡುತ್ತದೆ. ನಿಮ್ಮದೂ ಇದೇನಾ, ನೋಡಿಕೊಳ್ಳಿ ಅಂತ. ಅಲ್ಲ ಅಂದರೆ ಒಂದು ಸಾಲಿನ ತಲೆಬರಹ, ಆಮೇಲೆ ತೀವ್ರತೆ. ಇಲ್ಲಿ ಕೈ ತಡೆಯುತ್ತದೆ. ನಮ್ಮ ಬಗ್ ನಮಗೆ ಪ್ರಳಯವೇ. ಆದರೆ 'ಗ್ರೇವ್' (ತೀರಾ ಗಂಭೀರ) ಅಂದರೆ ಡೆಬಿಯನ್ ಬಿಡುಗಡೆಗೇ ಅಡ್ಡ ಬರುವ ಸಾಲಿಗೆ ಸೇರುತ್ತದೆ. ನಾನು 'ನಾರ್ಮಲ್' ಒತ್ತಿ ಸುಮ್ನಾಗುತ್ತೇನೆ.

ಆಮೇಲೆ ಎಡಿಟರ್ ತೆರೆಯುತ್ತದೆ. ಮೇಲೆ 'ಪ್ಯಾಕೇಜ್:', 'ವರ್ಷನ್:', 'ಸಿವಿಯರಿಟಿ:' ಸಾಲುಗಳು ತುಂಬಿಯೇ ಇರುತ್ತವೆ. ಕೆಳಗೆ ಕರ್ನಲ್ (ಸಿಸ್ಟಮ್ಮಿನ ತಿರುಳು), ಲೊಕೇಲ್ (ಭಾಷೆ-ಪ್ರದೇಶದ ಸೆಟ್ಟಿಂಗ್) ವಿವರ. ನಡುವೆ ನೀವೇನು ಮಾಡಿದಿರಿ, ಏನಾಯಿತು, ಏನಾಗಬೇಕಿತ್ತು ಅಂತ ಬರೆದರೆ ಸಾಕು. ಆಫೀಸಿನಲ್ಲಿ ನನಗೆ ಬರುವ ಟಿಕೆಟ್ "ಓಪನ್ ಆಗ್ತಿಲ್ಲ, ಅರ್ಜೆಂಟ್" ಅಷ್ಟೇ. ಯಾವುದು, ಯಾವ ವರ್ಷನ್ ಅಂತ ಕೇಳೋದರಲ್ಲೇ ಮಧ್ಯಾಹ್ನ ಆಗಿರುತ್ತದೆ. ಇಲ್ಲಿ ವರದಿ ಇಮೇಲ್ ಆಗಿ ಡೆಬಿಯನ್ನಿನ ಬಗ್ ದಾಖಲೆ ವ್ಯವಸ್ಥೆಗೆ ಹೋಗುತ್ತದೆ, ಮೇಲಿನ ಆ ಮೂರು ಸಾಲನ್ನು ಅಲ್ಲಿನ ಸ್ಕ್ರಿಪ್ಟೇ ಓದುತ್ತದೆ. ನಂಬರ್ ಕೊಡುತ್ತದೆ, ಪ್ಯಾಕೇಜ್ ನೋಡಿಕೊಳ್ಳುವವರಿಗೆ ದಾಟಿಸುತ್ತದೆ, ಯಾವ ವರ್ಷನ್‌ನಲ್ಲಿ ಬಗ್ ಇದೆ ಅಂತ ಲೆಕ್ಕ ಇಡುತ್ತದೆ. ಸರಿಪಡಿಸಿದವರು ಬದಲಾವಣೆಗಳ ಪಟ್ಟಿಯಾದ ಚೇಂಜ್‌ಲಾಗ್‌ನಲ್ಲಿ 'ಕ್ಲೋಸಸ್:' ಅಂತ ಆ ನಂಬರ್ ಸೇರಿಸಿ ಅಪ್‌ಲೋಡ್ ಮಾಡಿದರೆ ಬಗ್ ತಾನೇ ಮುಚ್ಚಿಕೊಳ್ಳುತ್ತದೆ. ನನಗೆ ಮೇಲ್ ಬರುತ್ತದೆ. ಯಾರನ್ನೂ ಬೆನ್ನು ಹತ್ತಬೇಕಿಲ್ಲ.

ಈ ಖುಷಿಯೆಲ್ಲ ಫಾಂಟ್ ವಿಷಯಕ್ಕೆ ಬಂದರೆ ಇಳಿದುಹೋಗುತ್ತದೆ. 'ಲಕ್ಷ್ಮಿ'ಯ ಒತ್ತು ಪಕ್ಕಕ್ಕೆ ಜಾರಿದೆ ಅನ್ನೋದನ್ನು ಯಾವ ಸಾಲಿಗೆ ತುಂಬೋದು? ನಾನು ಟೈಪ್ ಮಾಡಿದ್ದು ಸರಿಯಾಗೇ ಇರುತ್ತದೆ. ಓದುವವರ ಕಂಪ್ಯೂಟರಿನಲ್ಲಿ ಬೇರೆ ಫಾಂಟ್ ಇದ್ದರೆ ಅವರಿಗೆ ಎಲ್ಲವೂ ಚೆನ್ನಾಗೇ ಕಾಣುತ್ತದೆ! ಅದಕ್ಕೇ ಸ್ಕ್ರೀನ್‌ಶಾಟ್ ಲಗತ್ತಿಸಿ, ಕ, ಹಲಂತ, ಷ, ಹಲಂತ, ಮ ಅಂತ ಒಂದೊಂದಾಗಿ ಬಿಡಿಸಿ ಬರೆಯುತ್ತೇನೆ. ಕನ್ನಡ ಬಾರದವರಿಗೆ ಎಲ್ಲಿ ನೋಡಬೇಕು ಅಂತ ಬಾಣದ ಗುರುತೂ ಹಾಕಬೇಕು. ಇಷ್ಟು ಮಾಡಿದ ಮೇಲೂ ಸ್ಕ್ರಿಪ್ಟ್‌ಗೆ ಅದರಿಂದ ಏನೂ ತಿಳಿಯೋದಿಲ್ಲ.

ದುಡ್ಡು ಕೊಡಬೇಕಿಲ್ಲ, ನನ್ನಂಥವರಿಗೆ ಅದೇ ದೊಡ್ಡದು. ಆದರೆ ಬಗ್ ದಾಖಲಿಸಲು ವೆಬ್ ಫಾರ್ಮ್ ಇಲ್ಲ, ಎಲ್ಲ ಇಮೇಲ್ ಮೇಲೇ. ನಿಮ್ಮ ವಿಳಾಸ ಎಲ್ಲರಿಗೂ ಕಾಣುತ್ತದೆ. ಬ್ಯಾಂಕಿಗೆ ಕೊಟ್ಟಿರುವ ಇಮೇಲನ್ನು ಮಾತ್ರ ಇದಕ್ಕೆ ಕೊಡಬೇಡಿ.