ವಲಸೆಯ ಲೆಕ್ಕ ಎಲ್ಲಿ ಸಿಗುತ್ತದೆ, ಎಲ್ಲಿ ಕೈಕೊಡುತ್ತದೆ: ಮೂರು ದತ್ತಾಂಶ ತಾಣಗಳ ವಿಮರ್ಶೆ

ವಲಸೆಯನ್ನು ಅಧ್ಯಯನ ಮಾಡುವವರ ಪ್ರಬಂಧಗಳಲ್ಲಿ ಬಹುಪಾಲು ಒಂದೇ ವಾಕ್ಯದಿಂದ ಶುರುವಾಗುತ್ತವೆ: ಜಗತ್ತಿನಲ್ಲಿ ಇಂದು 30.4 ಕೋಟಿ ಜನ ತಾವು ಹುಟ್ಟಿದ ದೇಶ ಬಿಟ್ಟು ಬೇರೆಡೆ ಬದುಕುತ್ತಿದ್ದಾರೆ. ನಾಂದಿಪದ್ಯದಂತೆ ಅದನ್ನು ಹಾಡಿ ಮುಗಿಸಿದ ಮೇಲೆ ಆ ಸಂಖ್ಯೆಯ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಸಂಶೋಧನಾ ವಿದ್ಯಾರ್ಥಿಗಳ ಕರಡುಗಳನ್ನು ತಿದ್ದುವುದು ನನ್ನ ಕೆಲಸವಾದ್ದರಿಂದ ಆ ಸೌಭಾಗ್ಯ ನನಗಿಲ್ಲ. ಸಂಖ್ಯೆ ಎಲ್ಲಿಂದ ಬಂತು, ಯಾರನ್ನು ಎಣಿಸಿತು, ಯಾರನ್ನು ಬಿಟ್ಟಿತು ಎಂದು ಕೇಳಬೇಕಾಗುತ್ತದೆ. ಕೇಳಿದಾಗ ಎದುರಿಗಿದ್ದವರ ಮುಖ ಸಣ್ಣದಾಗುವುದನ್ನೂ ನೋಡಬೇಕಾಗುತ್ತದೆ. ಆದ್ದರಿಂದ ನಮ್ಮ ಕ್ಷೇತ್ರದವರು ಹೆಚ್ಚಾಗಿ ಬಳಸುವ ಮೂರು ಉಚಿತ ದತ್ತಾಂಶ ತಾಣಗಳ ಬಗ್ಗೆ, ಬಳಸುವವರ ಕಡೆಯಿಂದ, ನನ್ನ ಅಭಿಪ್ರಾಯ ಇಲ್ಲಿದೆ.

ಮೊದಲನೆಯದು ಆ 30.4 ಕೋಟಿಯ ತವರು: ವಿಶ್ವಸಂಸ್ಥೆಯ ಜನಸಂಖ್ಯಾ ವಿಭಾಗ ಪ್ರಕಟಿಸುವ ಅಂತರರಾಷ್ಟ್ರೀಯ ವಲಸಿಗರ ಕೋಷ್ಟಕಗಳು. ನೋಂದಣಿ ಬೇಡ, ಅರ್ಜಿ ಬೇಡ. ಎಕ್ಸೆಲ್ ಕಡತ ಇಳಿಸಿಕೊಂಡರೆ 1990ರಿಂದ 2024ರವರೆಗೆ, 230ಕ್ಕೂ ಹೆಚ್ಚು ದೇಶ ಮತ್ತು ಪ್ರದೇಶಗಳಲ್ಲಿ ವಲಸಿಗರು ಎಷ್ಟಿದ್ದಾರೆ, ಅವರಲ್ಲಿ ಹೆಂಗಸರೆಷ್ಟು, ಯಾವ ದೇಶದಿಂದ ಬಂದವರೆಷ್ಟು ಎಂಬುದೆಲ್ಲ ಸಾಲುಸಾಲಾಗಿ ಸಿಗುತ್ತದೆ. 1990ರಲ್ಲಿ ಸುಮಾರು 15.4 ಕೋಟಿ ಇದ್ದದ್ದು ಈಗ ಹೆಚ್ಚುಕಡಿಮೆ ಇಮ್ಮಡಿಯಾಗಿದೆ. ಜಗತ್ತಿನ ಜನಸಂಖ್ಯೆಯೂ ಬೆಳೆದಿರುವುದರಿಂದ ಅದರಲ್ಲಿ ವಲಸಿಗರ ಪಾಲು ಮಾತ್ರ ಶೇ 2.9ರಿಂದ ಶೇ 3.7ಕ್ಕೆ ಏರಿದೆ, ಅಷ್ಟೇ. ‘ವಲಸೆಯ ಮಹಾಪೂರ’ ಎಂದು ಬರೆಯಲು ಹೊರಟ ಕೈಯನ್ನು ಹಿಡಿದು ನಿಲ್ಲಿಸಲು ಈ ಎರಡು ಪ್ರಮಾಣಗಳೇ ಸಾಕು.

ಇಲ್ಲಿಯವರೆಗೆ ನನ್ನದು ಬರೀ ಮೆಚ್ಚುಗೆ. ತಕರಾರು ಶುರುವಾಗುವುದು ದೇಶದ ಹೆಸರಿನ ಪಕ್ಕದ ಒಂದು ಇಕ್ಕಟ್ಟಾದ ಕಾಲಂನಲ್ಲಿ. ಅದರಲ್ಲಿ ಬಿ, ಸಿ, ಆರ್ ಎಂಬ ಅಕ್ಷರಗಳಿರುತ್ತವೆ. ಬಿ ಎಂದರೆ ಹುಟ್ಟಿದ ದೇಶ ನೋಡಿ ಎಣಿಸಿದ್ದು. ಸಿ ಎಂದರೆ ಅಂಥ ಮಾಹಿತಿ ಇಲ್ಲದ್ದರಿಂದ ಪೌರತ್ವ ನೋಡಿ ಎಣಿಸಿದ್ದು. ಆರ್ ಇದ್ದರೆ ಅದರ ಮೇಲೆ ನಿರಾಶ್ರಿತರ ಸಂಖ್ಯೆಯನ್ನೂ ಕೂಡಿಸಿದ್ದಾರೆ. ಈ ಅಕ್ಷರಗಳನ್ನು ಓದದೆ ಪಕ್ಕದ ಸಂಖ್ಯೆಯನ್ನು ಓದುವುದು ವ್ಯರ್ಥ. ಬೇರೆ ದೇಶದ ತಂದೆತಾಯಿಗೆ ಇಲ್ಲೇ ಹುಟ್ಟಿ, ಗಡಿಯನ್ನೇ ಕಾಣದ ಮಗು ಸಿ ದೇಶದಲ್ಲಿ ವಲಸಿಗ. ಬಿ ದೇಶದಲ್ಲಿ ಅಲ್ಲ. ನಲವತ್ತು ವರ್ಷದ ಹಿಂದೆ ಬಂದು ಪೌರತ್ವ ಪಡೆದ ಅಜ್ಜಿ ಬಿ ದೇಶದಲ್ಲಿ ಇನ್ನೂ ವಲಸಿಗಳು. ಸಿ ದೇಶದಲ್ಲಾದರೆ ಲೆಕ್ಕದಿಂದ ಮಾಯ. ಒಬ್ಬ ವಿದ್ಯಾರ್ಥಿ ಎರಡು ನೆರೆಯ ದೇಶಗಳನ್ನು ಹೋಲಿಸಿ, ಒಂದರಲ್ಲಿ ವಲಸಿಗ ಮಕ್ಕಳು ಅಷ್ಟೊಂದು ಹೆಚ್ಚಿರುವುದೇಕೆ ಎಂಬುದಕ್ಕೆ ವೀಸಾ ನೀತಿ, ಶಾಲಾ ನೀತಿ, ಕುಟುಂಬ ಸಮೇತ ಬರುವ ಪ್ರವೃತ್ತಿ ಎಂದು ಪುಟಗಟ್ಟಲೆ ವಿವರಣೆ ಬರೆದಿದ್ದ. ಒಂದರ ಮುಂದೆ ಬಿ ಇತ್ತು, ಇನ್ನೊಂದರ ಮುಂದೆ ಸಿ ಇತ್ತು. ವಿವರಣೆ ಚೆನ್ನಾಗಿಯೇ ಇತ್ತು. ವಿವರಿಸಬೇಕಾದ ಸಂಗತಿಯೇ ಇತ್ತೋ ಇಲ್ಲವೋ ಹೇಳುವಂತಿರಲಿಲ್ಲ.

ಇನ್ನೊಂದು ಹಳ್ಳವೂ ಇದೇ ದಾರಿಯಲ್ಲಿದೆ. 2020ರ ಆವೃತ್ತಿ ಆ ವರ್ಷಕ್ಕೆ 28.1 ಕೋಟಿ ಎಂದಿತ್ತು. ಅದನ್ನು 2024ರ ಆವೃತ್ತಿಯ 30.4 ಕೋಟಿಯಿಂದ ಕಳೆದು ‘ನಾಲ್ಕು ವರ್ಷದಲ್ಲಿ ಇಷ್ಟು ಹೆಚ್ಚಳ’ ಎಂದು ಬರೆಯುವವರ ಸಂಖ್ಯೆ ಕಡಿಮೆಯಿಲ್ಲ. ಹೊಸ ಆವೃತ್ತಿ ಬಂದಾಗಲೆಲ್ಲ ಹಳೆಯ ವರ್ಷಗಳ ಅಂದಾಜನ್ನೂ ಪರಿಷ್ಕರಿಸುತ್ತಾರೆ. ಕಳೆಯುವುದಾದರೆ ಒಂದೇ ಕಡತದೊಳಗೆ ಕಳೆಯಬೇಕು. ಇದನ್ನು ಅವರು ಬರೆದೇ ಇದ್ದಾರೆ, ಟಿಪ್ಪಣಿಗಳ ಹಾಳೆಯಲ್ಲಿ. ಆ ಹಾಳೆಯನ್ನು ಕಡತದ ಮೊದಲಿಗೇ ತಂದು, ಬಿ ಮತ್ತು ಸಿ ಸಾಲುಗಳಿಗೆ ಬೇರೆ ಬೇರೆ ಬಣ್ಣ ಬಳಿದಿದ್ದರೆ ಎಷ್ಟೋ ಪ್ರಬಂಧಗಳು ಉಳಿಯುತ್ತಿದ್ದವು.

ಈ ಕೋಷ್ಟಕದಲ್ಲಿ ಮನುಷ್ಯರು ಚಲಿಸದೆ ಗಡಿಯೇ ಚಲಿಸಿದ ಪ್ರಸಂಗಗಳೂ ಇವೆ. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದಾಗ, ಅದಕ್ಕೂ ಮುಂಚೆ ಒಂದು ಗಣರಾಜ್ಯದಿಂದ ಇನ್ನೊಂದಕ್ಕೆ ಹೋಗಿ ನೆಲೆಸಿದ್ದವರು ಕುಳಿತಲ್ಲೇ ಅಂತರರಾಷ್ಟ್ರೀಯ ವಲಸಿಗರಾದರು. ಇನ್ನು ದೇಶದೊಳಗೇ ಊರು ಬದಲಿಸಿದವರಿಗೆ ಇಲ್ಲಿ ಜಾಗವೇ ಇಲ್ಲ. ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ 2009ರ ವರದಿ ಅಂಥವರು ಸುಮಾರು 74 ಕೋಟಿ ಎಂದು ಅಂದಾಜಿಸಿತ್ತು; ದೇಶ ಬಿಟ್ಟು ಹೋದವರಿಗಿಂತ ಅದೆಷ್ಟೋ ಪಟ್ಟು ಹೆಚ್ಚು. ಸಮಾಜವೆಂದರೆ ದೇಶವೇ ಎಂದು ಎಣಿಸಿಕೊಳ್ಳುವ ಅಭ್ಯಾಸವನ್ನು ಸಮಾಜಶಾಸ್ತ್ರಜ್ಞ ಆಂಡ್ರಿಯಾಸ್ ವಿಮ್ಮರ್ ಮತ್ತು ಮಾನವಶಾಸ್ತ್ರಜ್ಞೆ ನೀನಾ ಗ್ಲಿಕ್ ಶಿಲ್ಲರ್ 2002ರಲ್ಲೇ ತರಾಟೆಗೆ ತೆಗೆದುಕೊಂಡಿದ್ದರು. ಅವರ ಲೇಖನವನ್ನು ಎರಡನೆಯ ಅಧ್ಯಾಯದಲ್ಲಿ ಭಕ್ತಿಯಿಂದ ಉಲ್ಲೇಖಿಸಿ, ಮೂರನೆಯ ಅಧ್ಯಾಯದಲ್ಲಿ ಇದೇ ಕೋಷ್ಟಕವನ್ನು ಅಂಟಿಸುವುದು ನಮ್ಮ ಕ್ಷೇತ್ರದ ಸಂಪ್ರದಾಯವಾಗಿಬಿಟ್ಟಿದೆ. ಮುನ್ನುಡಿಗೆ ಈ ಕೋಷ್ಟಕ ಉತ್ತಮ. ವಲಸೆಯಿಂದ ಮನೆಯಲ್ಲಿ, ಕೇರಿಯಲ್ಲಿ ಏನಾಯಿತು ಎಂದು ಕೇಳುವವರಿಗೆ ಇದು ಬಾಯಿ ಬಿಡುವುದಿಲ್ಲ.

ಬಾಯಿ ಬಿಡುವುದು ಎರಡನೆಯದು, ಮಿನ್ನೆಸೋಟ ವಿಶ್ವವಿದ್ಯಾಲಯದ ಐಪಮ್ಸ್ ಇಂಟರ್‌ನ್ಯಾಷನಲ್. ನೂರಕ್ಕೂ ಹೆಚ್ಚು ದೇಶಗಳ ಜನಗಣತಿಗಳಿಂದ ಆಯ್ದ, ಹೆಸರು ವಿಳಾಸ ಅಳಿಸಿದ, ವ್ಯಕ್ತಿವಾರು ದಾಖಲೆಗಳು ಇಲ್ಲಿವೆ. ಒಂದೊಂದು ದೇಶ ಒಂದೊಂದು ರೀತಿಯಲ್ಲಿ ಕೇಳಿದ ಪ್ರಶ್ನೆಗಳ ಉತ್ತರಗಳನ್ನು ಒಂದೇ ಸಂಕೇತ ಪದ್ಧತಿಗೆ ಹೊಂದಿಸಿಕೊಟ್ಟಿರುವುದು ಇವರ ದೊಡ್ಡ ಕೆಲಸ. ಇಲ್ಲಿ ಅರ್ಜಿ ಹಾಕಬೇಕು: ಏನು ಸಂಶೋಧನೆ, ಏಕೆ ಬೇಕು ಎಂದು ಬರೆಯಬೇಕು, ಯಾರನ್ನೂ ಗುರುತಿಸಲು ಪ್ರಯತ್ನಿಸುವುದಿಲ್ಲ, ಕಡತವನ್ನು ಇನ್ನೊಬ್ಬರಿಗೆ ದಾಟಿಸುವುದಿಲ್ಲ ಎಂದು ಒಪ್ಪಬೇಕು. ಇದನ್ನು ಕಿರಿಕಿರಿ ಎನ್ನುವವರಿದ್ದಾರೆ. ದಾಖಲೆ ಪತ್ರವಿಲ್ಲದೆ ಬದುಕುತ್ತಿರುವವರ ಜೊತೆ ಕೆಲಸ ಮಾಡಿದವರಾರೂ ಹಾಗೆನ್ನಲಾರರು.

ಬಳಸುವ ಕ್ರಮ ಸರಳ. ದೇಶ ಮತ್ತು ವರ್ಷ ಆರಿಸಿ, ಬೇಕಾದ ಚರಾಂಶಗಳನ್ನು, ಅಂದರೆ ಒಂದೊಂದು ಪ್ರಶ್ನೆಯ ಉತ್ತರವಿರುವ ಕಾಲಂಗಳನ್ನು, ಕಾರ್ಟಿಗೆ ಹಾಕಿ ಕಳಿಸಿದರೆ, ಕಡತ ಸಿದ್ಧವಾದಾಗ ಇಮೇಲ್ ಬರುತ್ತದೆ. ಹುಟ್ಟಿದ ಸ್ಥಳ, ಹಿಂದಿನ ವಾಸಸ್ಥಳ, ಐದು ವರ್ಷದ ಹಿಂದೆ ಎಲ್ಲಿದ್ದಿರಿ, ಈ ಊರಿಗೆ ಬಂದು ಎಷ್ಟು ವರ್ಷವಾಯಿತು: ವಲಸೆಗೆ ಸಂಬಂಧಿಸಿದ ಚರಾಂಶಗಳು ಧಾರಾಳವಾಗಿವೆ. ಅಂದಹಾಗೆ, ‘ಎಲ್ಲಿ ಹುಟ್ಟಿದಿರಿ’ ಎಂಬ ಜನಗಣತಿಯ ಪ್ರಶ್ನೆಯೊಂದನ್ನೇ ಹಿಡಿದು ಭೂಗೋಳಶಾಸ್ತ್ರಜ್ಞ ರಾವೆನ್‌ಸ್ಟೈನ್ 1885ರಲ್ಲಿ ವಲಸೆಯ ನಿಯಮಗಳನ್ನು ಮಂಡಿಸಿದರು. ನಾವಿನ್ನೂ ಆ ಪ್ರಶ್ನೆಯ ಋಣದಲ್ಲೇ ಇದ್ದೇವೆ.

ಐಪಮ್ಸ್‌ನ ನಿಜವಾದ ಬೆಲೆ ನನಗೆ ಕಂಡದ್ದು ಯಾರೂ ಹೆಚ್ಚು ಮಾತನಾಡದ ಮೂರು ಚರಾಂಶಗಳಲ್ಲಿ: ಮಾಮ್‌ಲಾಕ್, ಪಾಪ್‌ಲಾಕ್, ಎಸ್‌ಪಿಲಾಕ್. ಅದೇ ಮನೆಯ ಪಟ್ಟಿಯಲ್ಲಿ ಈ ವ್ಯಕ್ತಿಯ ತಾಯಿ ಎಷ್ಟನೆಯ ಸಾಲಿನಲ್ಲಿದ್ದಾಳೆ, ತಂದೆ ಎಷ್ಟನೆಯ ಸಾಲಿನಲ್ಲಿದ್ದಾನೆ, ಗಂಡ ಅಥವಾ ಹೆಂಡತಿ ಯಾವ ಸಾಲಿನಲ್ಲಿ ಎಂದು ಇವು ಹೇಳುತ್ತವೆ. ಮನೆಯಲ್ಲಿ ಇಲ್ಲದಿದ್ದರೆ ಸೊನ್ನೆ. ಇಂಥ ಮನೆಗಳು ಪದೇ ಪದೇ ಎದುರಾಗುತ್ತವೆ: ಮೊದಲ ಸಾಲಿನಲ್ಲಿ ಮೂವತ್ತು ದಾಟಿದ ಹೆಂಗಸು, ಮನೆಯ ಮುಖ್ಯಸ್ಥೆ, ವಿವಾಹಿತೆ, ಎಸ್‌ಪಿಲಾಕ್ ಸೊನ್ನೆ. ಎರಡು ಮತ್ತು ಮೂರನೆಯ ಸಾಲಿನಲ್ಲಿ ಮಕ್ಕಳು. ತಾಯಿ ಒಂದನೆಯ ಸಾಲು, ತಂದೆ ಸೊನ್ನೆ. ನಾಲ್ಕನೆಯದರಲ್ಲಿ ಮುದುಕಿ, ಮುಖ್ಯಸ್ಥೆಗೆ ಆಕೆ ತಾಯಿಯಲ್ಲ, ಅತ್ತೆ. ಅವಳು ವಿವಾಹಿತೆಯ ಖಾನೆಯಲ್ಲೇ ಇರುವುದರಿಂದ ಗಂಡ ಸತ್ತಿಲ್ಲ, ಬೇರ್ಪಟ್ಟೂ ಇಲ್ಲ, ಅವನ ತಾಯಿ ಇಲ್ಲೇ ಇದ್ದಾಳೆ, ಅವನಿಲ್ಲ. ನಾಲ್ಕು ಸಾಲು ಅಂಕಿಗಳಲ್ಲಿ ಇಷ್ಟು ತಿಳಿಯುತ್ತದೆ. ಮಗಳು ಶಾಲೆಗೆ ಹೋಗುತ್ತಿದ್ದಾಳೆಯೇ, ಮನೆ ಸ್ವಂತದ್ದೇ, ನೀರು ಒಳಗೆ ಬರುತ್ತದೆಯೇ ಎಂಬ ಕಾಲಂಗಳೂ ಪಕ್ಕದಲ್ಲಿರುವುದರಿಂದ, ವಲಸೆಯ ಸಾಮಾಜಿಕ ಪರಿಣಾಮ ಎಂದು ನಾವು ದೊಡ್ಡ ದನಿಯಲ್ಲಿ ಹೇಳುವುದನ್ನು ಲಕ್ಷಾಂತರ ಮನೆಗಳಲ್ಲಿ ಪರೀಕ್ಷಿಸಿ ನೋಡಬಹುದು.

ಆದರೆ ಸೊನ್ನೆ ಸೊನ್ನೆಯೇ. ಅವನು ಹೊರದೇಶದಲ್ಲಿ ದುಡಿಯುತ್ತಿದ್ದಾನೋ, ಪಕ್ಕದ ಪಟ್ಟಣದಲ್ಲಿದ್ದಾನೋ, ಜೈಲಿನಲ್ಲಿದ್ದಾನೋ ಅದು ಹೇಳದು. ಕೆಲವು ದೇಶಗಳು ಮನೆಬಿಟ್ಟು ಹೋದವರ ಬಗ್ಗೆ ಪ್ರತ್ಯೇಕವಾಗಿ ಕೇಳಿವೆ; 2000ದ ಜನಗಣತಿಯ ವಿಸ್ತೃತ ನಮೂನೆಯಲ್ಲಿ ಮೆಕ್ಸಿಕೋ ಹಾಗೆ ಕೇಳಿತ್ತು. ಅಲ್ಲಿಯೂ ಮನೆಮಂದಿಯೆಲ್ಲ ಹೊರಟುಹೋಗಿದ್ದರೆ ಉತ್ತರ ಹೇಳಲು ಯಾರೂ ಉಳಿದಿರುವುದಿಲ್ಲ. ಐದು ವರ್ಷದ ಪ್ರಶ್ನೆಗೂ ಅದರದ್ದೇ ಕುರುಡುತನವಿದೆ. ಈ ಅವಧಿಯೊಳಗೆ ಹೋಗಿ, ದುಡಿದು, ವಾಪಸಾದವನು ‘ಎಲ್ಲಿಗೂ ಹೋಗದವನು’ ಎಂದೇ ದಾಖಲಾಗುತ್ತಾನೆ. ಹೊಸಬರು ಎಡವುವ ಇನ್ನೊಂದು ಜಾಗ, ಪ್ರಶ್ನೆ ಯಾರಿಗೆ ಅನ್ವಯಿಸಲಿಲ್ಲವೋ ಅವರಿಗೆ ಕೊಟ್ಟಿರುವ ಸಂಕೇತ. ಐದು ವರ್ಷ ತುಂಬದ ಮಕ್ಕಳಿಗೆ ಆ ಪ್ರಶ್ನೆ ಕೇಳಿಯೇ ಇರುವುದಿಲ್ಲ. ಅವರನ್ನು ‘ವಲಸೆ ಹೋಗಿಲ್ಲ’ ಎಂಬ ರಾಶಿಗೆ ಸೇರಿಸಿದರೆ ವಲಸೆಯ ಪ್ರಮಾಣ ತಾನಾಗಿಯೇ ಕುಸಿಯುತ್ತದೆ. ಸಮಾಧಾನವೆಂದರೆ ಮೂಲ ಜನಗಣತಿ ನಮೂನೆಗಳನ್ನೂ ಎಣಿಕೆದಾರರಿಗೆ ಕೊಟ್ಟ ಸೂಚನೆಗಳನ್ನೂ ಐಪಮ್ಸ್‌ನವರು ಒದಗಿಸಿದ್ದಾರೆ. ಅವನ್ನು ಓದಲು ಹಿಡಿಯುವ ಒಂದು ಮಧ್ಯಾಹ್ನ ಮುಂದೆ ಪರೀಕ್ಷಕರ ಎದುರು ತಲೆ ತಗ್ಗಿಸುವುದನ್ನು ತಪ್ಪಿಸುತ್ತದೆ.

ಮೂರನೆಯದು ಗಾತ್ರದಲ್ಲಿ ಇವೆರಡರ ಮುಂದೆ ಏನೂ ಅಲ್ಲ, ಆದರೆ ನನ್ನ ಪಕ್ಷಪಾತ ಇದರ ಕಡೆಗೇ: ಮೆಕ್ಸಿಕೋದಿಂದ ಅಮೆರಿಕಕ್ಕೆ ಹೋಗಿಬರುವವರನ್ನು ಕುರಿತ ಮೆಕ್ಸಿಕನ್ ವಲಸೆ ಯೋಜನೆಯ ದತ್ತಾಂಶ. ಸಮಾಜಶಾಸ್ತ್ರಜ್ಞ ಡಗ್ಲಸ್ ಮ್ಯಾಸಿ ಮತ್ತು ಮಾನವಶಾಸ್ತ್ರಜ್ಞ ಹೋರ್ಹೆ ದುರಾಂದ್ 1982ರಲ್ಲಿ ಆರಂಭಿಸಿದ ಕೆಲಸ. ಒಂದು ಸಮುದಾಯ ಆರಿಸಿ, ಸಾಮಾನ್ಯವಾಗಿ 200 ಮನೆಗಳಿಗೆ ಹೋಗಿ, ಮನೆಯ ಮುಖ್ಯಸ್ಥರ ಇಡೀ ಬದುಕಿನ ವರ್ಷವಾರು ಲೆಕ್ಕ ಬರೆದುಕೊಳ್ಳುತ್ತಾರೆ: ಯಾವ ವರ್ಷ ಯಾವ ಕೆಲಸ, ಯಾವಾಗ ಮದುವೆ, ಯಾವಾಗ ಗಡಿ ದಾಟಿದ್ದು, ಕಾಗದಪತ್ರವಿತ್ತೋ ಇಲ್ಲವೋ, ಯಾರ ನೆಂಟಸ್ತಿಕೆ ಹಿಡಿದು ಹೋದದ್ದು, ಕಳಿಸಿದ ಹಣ ಯಾವುದಕ್ಕೆ ಖರ್ಚಾಯಿತು. ಸಂದರ್ಶನ ಹೆಚ್ಚಾಗಿ ಚಳಿಗಾಲದಲ್ಲಿ, ಏಕೆಂದರೆ ಹೋದವರು ಊರಿಗೆ ಬರುವುದು ಆಗಲೇ. ಬಾರದೆ ಅಲ್ಲೇ ನೆಲೆನಿಂತವರನ್ನು ಊರವರ ಬಾಯಿಂದಲೇ ತಿಳಿದು, ಅಮೆರಿಕದಲ್ಲಿ ಹುಡುಕಿಕೊಂಡು ಹೋಗಿ ಮಾತನಾಡಿಸುತ್ತಾರೆ. ಪ್ರಶ್ನೆಯ ಪದಗಳನ್ನು ಕಟ್ಟುನಿಟ್ಟಾಗಿ ಮುದ್ರಿಸಿಟ್ಟುಕೊಳ್ಳದೆ, ತುಂಬಬೇಕಾದ ಕೋಷ್ಟಕವನ್ನಷ್ಟೇ ಮುಂದಿಟ್ಟುಕೊಂಡು ಮಾತು ಬಂದ ದಾರಿಯಲ್ಲಿ ಸಾಗಿ ಖಾನೆ ತುಂಬುವುದು ಅವರ ವಿಧಾನ. ಸಮೀಕ್ಷೆ ಮಾಡುವವರಿಗೂ ಜನರ ನಡುವೆ ಕುಳಿತು ಬರೆಯುವವರಿಗೂ ಇರುವ ಹಳೆಯ ಜಗಳಕ್ಕೆ ಇಷ್ಟು ಹಸನಾದ ರಾಜಿಯನ್ನು ನಾನು ಬೇರೆಲ್ಲೂ ನೋಡಿಲ್ಲ.

ಇಲ್ಲಿ ಒಬ್ಬನ ಸಾಲುಗಳನ್ನು ಮೇಲಿನಿಂದ ಕೆಳಗೆ ಓದಬಹುದು, ಒಂದು ಸಾಲಿಗೆ ಒಂದು ವರ್ಷ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಹೊಲ, ಇಪ್ಪತ್ತೊಂದರಲ್ಲಿ ಗಡಿಯಾಚೆ, ಇಪ್ಪತ್ತೆರಡರಲ್ಲಿ ಮತ್ತೆ ಹೊಲ, ಇಪ್ಪತ್ತನಾಲ್ಕರಲ್ಲಿ ಮದುವೆ, ಅದೇ ವರ್ಷ ಮತ್ತೆ ಗಡಿಯಾಚೆ: ಇಂಥ ಹೋಗಿಬರುವಿಕೆ ಉಳಿದೆರಡು ತಾಣಗಳಿಗೆ ಕಾಣುವುದೇ ಇಲ್ಲ. ಗಡಿಯ ಕಾವಲು ಬಿಗಿಯಾದ ಮೇಲೆ ಜನ ಹೋಗುವುದನ್ನು ನಿಲ್ಲಿಸುವ ಬದಲು ವಾಪಸು ಬರುವುದನ್ನು ನಿಲ್ಲಿಸಿದರು ಎಂಬ ಮ್ಯಾಸಿಯವರ ಪ್ರಸಿದ್ಧ ವಾದ ಹುಟ್ಟಿದ್ದು ಇಂಥ ಸಾಲುಗಳಿಂದ. ಕಾವಲು ಹೆಚ್ಚಿಸುವವರು ಬಯಸಿದ್ದು ಇದನ್ನಂತೂ ಅಲ್ಲ.

ಕೊರತೆಗಳೂ ಸ್ಪಷ್ಟ. ಸಮುದಾಯಗಳನ್ನು ಚೀಟಿ ಎತ್ತಿ ಆರಿಸಿದ್ದಲ್ಲವಾದ್ದರಿಂದ ಇಡೀ ದೇಶದ ಪ್ರಮಾಣವನ್ನು ಇದರಿಂದ ಲೆಕ್ಕ ಹಾಕುವಂತಿಲ್ಲ. ಪೂರ್ಣ ಜೀವನ ವೃತ್ತಾಂತ ಮುಖ್ಯಸ್ಥರದ್ದು, ಮುಖ್ಯಸ್ಥರು ಹೆಚ್ಚಾಗಿ ಗಂಡಸರು. ಹೆಂಗಸರ ವಲಸೆಯನ್ನು ಅಧ್ಯಯನ ಮಾಡುವವರಿಗೆ ಅರ್ಧ ಊಟ. ಹಣದ ಕಾಲಂ ಇದೆ, ಆದರೆ ಹಣದ ಜೊತೆ ಬರುವ ನಡೆನುಡಿ, ಆಸೆ, ಮನೆಯೊಳಗೆ ಯಾರ ಮಾತು ನಡೆಯಬೇಕೆಂಬ ಹೊಸ ಲೆಕ್ಕಾಚಾರ ಇವಕ್ಕೆ ಕಾಲಂ ಇಲ್ಲ. 1998ರಲ್ಲಿ ಸಮಾಜಶಾಸ್ತ್ರಜ್ಞೆ ಪೆಗ್ಗಿ ಲೆವಿಟ್ ಇವನ್ನೇ ‘ಸಾಮಾಜಿಕ ರವಾನೆ’ ಎಂದು ಕರೆದು, ಡೊಮಿನಿಕನ್ ಗಣರಾಜ್ಯದ ಒಂದು ಹಳ್ಳಿ ಮತ್ತು ಬಾಸ್ಟನ್ ನಗರದ ನಡುವೆ ಹಿಂಬಾಲಿಸಿ ಬರೆದರು. ಅದಕ್ಕೆ ಅವರು ಎರಡೂ ಕಡೆ ಹೋಗಿ ಕೂರಬೇಕಾಯಿತು. ಇಳಿಸಿಕೊಳ್ಳುವ ಕಡತದಲ್ಲಿ ಅದು ಸಿಗುವುದಿಲ್ಲ.

ಹೊಸದಾಗಿ ಶುರು ಮಾಡುವವರಿಗೆ ಒಂದೆರಡು ಮಾತು. ವಿಶ್ವಸಂಸ್ಥೆಯ ಕಡತ ಯಾವ ಕಂಪ್ಯೂಟರಿನಲ್ಲೂ ತೆರೆದುಕೊಳ್ಳುತ್ತದೆ. ಐಪಮ್ಸ್‌ಗೆ ಆರ್ ಅಥವಾ ಸ್ಟೇಟಾದಂಥ ಸಂಖ್ಯಾಶಾಸ್ತ್ರದ ತಂತ್ರಾಂಶದ ಕೈಚಳಕ ಬೇಕು. ಅದು ಬಾರದವರಿಗೆ ತಾಣದಲ್ಲೇ ಕೋಷ್ಟಕ ಮಾಡಿಕೊಳ್ಳುವ ಸೌಲಭ್ಯವಿದೆ, ಮೊದಲ ನೋಟಕ್ಕೆ ಸಾಲುತ್ತದೆ. ಬಹಳಷ್ಟು ದೇಶಗಳ ಕಡತದಲ್ಲಿರುವುದು ಜನಗಣತಿಯ ಹತ್ತರಲ್ಲೊಂದು ಭಾಗ ಮಾತ್ರವಾದ್ದರಿಂದ, ಒಂದು ದಾಖಲೆ ಎಷ್ಟು ಜನರನ್ನು ಪ್ರತಿನಿಧಿಸುತ್ತದೆ ಎಂದು ಹೇಳುವ ತೂಕದ ಚರಾಂಶವನ್ನು ಮರೆಯದೆ ಕಾರ್ಟಿಗೆ ಹಾಕಿಕೊಳ್ಳಬೇಕು. ಚಿಕ್ಕ ಊರುಗಳ ಹೆಸರನ್ನು ಗೋಪ್ಯತೆಗಾಗಿ ದೊಡ್ಡ ಪ್ರದೇಶದೊಳಗೆ ಸೇರಿಸಿರುತ್ತಾರೆ, ನೀವು ಅಧ್ಯಯನ ಮಾಡಹೊರಟ ಊರೇ ಹಾಗೆ ಮರೆಯಾಗಿರಬಹುದು. ಅರ್ಜಿ ಬರೆಯುವ ಮೊದಲೇ ಭೌಗೋಳಿಕ ಚರಾಂಶಗಳ ಪಟ್ಟಿಯನ್ನು ನೋಡಿಬಿಡಿ. ಪ್ರಕಟವಾದ ಲೇಖನದ ವಿವರವನ್ನು ತಮಗೆ ತಿಳಿಸಬೇಕೆಂದೂ ಅವರು ಕೇಳುತ್ತಾರೆ, ಹಾಗೆ ಬೆಳೆದ ಗ್ರಂಥಸೂಚಿ ತಾಣದಲ್ಲೇ ಇದೆ. ನಿಮ್ಮ ಹೊಚ್ಚಹೊಸ ಪ್ರಶ್ನೆಯನ್ನು ಯಾರಾದರೂ ಆಗಲೇ ಕೇಳಿ ಮುಗಿಸಿದ್ದಾರೆಯೇ ಎಂದು ಅಲ್ಲಿ ಹುಡುಕಿಯೇ ನನ್ನ ಬಳಿ ಬನ್ನಿ ಎಂದು ವಿದ್ಯಾರ್ಥಿಗಳಿಗೆ ಹೇಳುತ್ತೇನೆ.