ಇಂಗ್ಲೆಂಡೋ, ಜರ್ಮನಿಯೋ, ಕಾಡಂಚಿನ ಆಸ್ಪತ್ರೆಯೋ: ನರ್ಸಿಂಗ್ ಮುಗಿಸಿದವರಿಗೆ ನಾನು ಕಂಡ ಹೋಲಿಕೆ

ಪ್ರತಿ ವರ್ಷ ಫಲಿತಾಂಶ ಬಂದ ವಾರ ಊರ ಕಡೆಯಿಂದ ನನ್ನ ಫೋನಿಗೆ ಒಂದೇ ಪ್ರಶ್ನೆ. "ಅಣ್ಣಾ, ಬಿಎಸ್ಸಿ ನರ್ಸಿಂಗ್ ಮುಗೀತು. ಯಾವ ದೇಶಕ್ಕ ಹೋದ್ರ ಚಲೋ?" ಜಮಖಂಡಿ, ಮುಧೋಳ, ಬಾದಾಮಿ ಕಡೆಯ ಹುಡುಗ ಹುಡುಗಿಯರು. ಅವರಿಗೆ ಬೇಕಾದದ್ದು ಸಂಬಳದ ಲೆಕ್ಕ. ನಾನು ತಿರುಗಿ ಕೇಳುವುದು ಬೇರೆ: "ಹೋದ ಮೊದಲನೇ ವರ್ಷ ನಿನ್ನ ಕೈಗೆ ಏನು ಕೆಲಸ ಕೊಡ್ತಾರ, ಕೇಳಿ ತಿಳಕೊಂಡೀಯೇನು?"

ಸಂಬಳ ಇವತ್ತಲ್ಲ ನಾಳೆ ಏರುತ್ತದೆ. ಕಲಿತ ಕೈ ಒಂದು ವರ್ಷ ಸುಮ್ಮನಿದ್ದರೆ ಆಗುವ ನಷ್ಟವನ್ನು ಯಾವ ಏಜೆಂಟನೂ ಹೇಳುವುದಿಲ್ಲ. ಈ ದಾರಿಗಳಲ್ಲಿ ನಾನು ಒಂದಷ್ಟು ದೂರ ನಡೆದಿದ್ದೇನೆ. ಎಚ್.ಡಿ. ಕೋಟೆ ತಾಲ್ಲೂಕಿನ ಕಾಡಂಚಿನಲ್ಲಿ ಹದಿನಾಲ್ಕು ತಿಂಗಳು ಕೆಲಸ. ಬೆಂಗಳೂರಿನ ಐಸಿಯುನಲ್ಲಿ ದುಡಿಯುತ್ತಲೇ ಜರ್ಮನ್ ಭಾಷೆಯ ಬಿ2 ಮಟ್ಟದ ಪರೀಕ್ಷೆ, ನನ್ನ ಓದಿಗೆ ಅಲ್ಲಿನ ಮಾನ್ಯತೆ ಕೇಳುವ ಅರ್ಜಿ. ಇಂಗ್ಲೆಂಡಿನ ಎಂಎಸ್ಸಿ ಆಫರ್ ಲೆಟರ್. ಕೊನೆಗೆ 2022ರಿಂದ ಉತ್ತರ ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಯೊಂದರ ವಾರ್ಡು.

ಕಾಡಂಚಿನಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಅದನ್ನು ಯಾರೂ ಕೇಳುವುದಿಲ್ಲ. 2016ರಲ್ಲಿ ಹುಬ್ಬಳ್ಳಿಯಲ್ಲಿ ಓದು ಮುಗಿಸಿ ಅಲ್ಲಿಗೆ ಹೋದೆ. ಜೇನುಕುರುಬರು, ಕಾಡುಕುರುಬರು, ಯರವರು ಬರುತ್ತಿದ್ದ ಸೇವಾ ಸಂಸ್ಥೆಯ ಆಸ್ಪತ್ರೆ. ತಿಂಗಳಿಗೆ 11,000 ರೂಪಾಯಿ, ಮೇಲೆ ಊಟ, ಕೋಣೆ. ಕಬ್ಬಿನ ದುಡ್ಡಲ್ಲಿ ನಾಲ್ಕು ವರ್ಷ ಫೀಸು ಕಟ್ಟಿದ ಅಪ್ಪ ಒಂದು ವಾರ ನನ್ನ ಜೊತೆ ಮಾತು ಬಿಟ್ಟಿದ್ದರು.

ಅಲ್ಲಿ ಸೇರಿದ ಎರಡನೇ ತಿಂಗಳು, ರಾತ್ರಿ ಒಂಬತ್ತೂವರೆ. ಗಿರಿಜನರ ಕೇರಿಯಾದ ಹಾಡಿಯಿಂದ ಒಬ್ಬ ಹೆಂಗಸನ್ನು ಜೀಪಿನಲ್ಲಿ ಕರೆತಂದರು. ಹಿಮ್ಮಡಿಯ ಹತ್ತಿರ ಹಾವು ಕಚ್ಚಿತ್ತು, ಯಾವ ಹಾವೆಂದು ಕಂಡವರಿಲ್ಲ. ನಾನು ರಕ್ತನಾಳದಿಂದ ಎರಡು ಎಂಎಲ್ ರಕ್ತ ತೆಗೆದು, ಒಣಗಿದ ಶುಭ್ರ ಗಾಜಿನ ಕೊಳವೆಗೆ ಹಾಕಿ, ಅಲುಗಾಡದಂತೆ ನಿಲ್ಲಿಸಿ ಗಡಿಯಾರ ನೋಡಿದೆ. ಇಪ್ಪತ್ತು ನಿಮಿಷ. ಅಷ್ಟರಲ್ಲಿ ರಕ್ತ ಹೆಪ್ಪುಗಟ್ಟಿದರೆ ಸ್ವಲ್ಪ ಉಸಿರಾಡಬಹುದು. ಗಟ್ಟದಿದ್ದರೆ ಮಂಡಲದ ಹಾವಿನ ವಿಷ ಏರಿದೆ ಎಂದೇ ಲೆಕ್ಕ. ಆಕೆಯ ಗಂಡ ಪಕ್ಕದಲ್ಲೇ ಕೂತಿದ್ದ. "ಆ ಗಾಜು ಏನಂತದೆ ಮಗಾ?" ಎಂದು ಎರಡು ಸಲ ಕೇಳಿದ. ಇಪ್ಪತ್ತು ನಿಮಿಷಕ್ಕೆ ಕೊಳವೆ ಓರೆ ಮಾಡಿದೆ, ರಕ್ತ ನೀರಿನ ಹಾಗೆ ಹರಿಯಿತು. ಡಾಕ್ಟರು ಹೇಳಿದಂತೆ ಹತ್ತು ವಯಲ್ ವಿಷಪ್ರತಿರೋಧಕ ಸಿದ್ಧ ಮಾಡಿ, ಡ್ರಿಪ್ಪಿನಲ್ಲಿ ಬಿಟ್ಟು, ಔಷಧ ಮೈಗೆ ಒಗ್ಗದಿದ್ದರೆ ಕೊಡಲು ಅಡ್ರಿನಲಿನ್ ತುಂಬಿದ ಸಿರಿಂಜು ಕೈಗೆಟುಕುವಲ್ಲಿ ಇಟ್ಟುಕೊಂಡು ಬೆಳಗಿನವರೆಗೆ ಆಕೆಯ ಮಗ್ಗುಲು ಬಿಡಲಿಲ್ಲ. ಆರು ತಾಸು ಬಿಟ್ಟು ಇನ್ನೊಂದು ಕೊಳವೆ ನಿಲ್ಲಿಸಿದೆ. ಈ ಸಲ ರಕ್ತ ಗಟ್ಟಿಯಾಗಿ ತಳ ಹಿಡಿದಿತ್ತು. ಗಂಡನಿಗೆ ಕೊಳವೆಯನ್ನೇ ತೋರಿಸಿದೆ.

ಹೆರಿಗೆ, ಕುಡುಗೋಲು ಕಣದ ರಕ್ತಹೀನತೆಯಿಂದ ಮೈಕೈ ನೋವಿಗೆ ಕಿರುಚುವ ಮಕ್ಕಳು, ಕ್ಷಯದ ಮಾತ್ರೆ ನಡುವೆ ಬಿಟ್ಟವರನ್ನು ಹುಡುಕಿ ಹಾಡಿಗೆ ನಡೆಯುವುದು, ಎಲ್ಲವೂ ಆ ಹದಿನಾಲ್ಕು ತಿಂಗಳಲ್ಲಿ ಆಯಿತು. ನಾನಿದ್ದಾಗ ಹೊರದೇಶದ ನರ್ಸಿಂಗ್ ವಿದ್ಯಾರ್ಥಿಗಳು ಮೂರು ವಾರಕ್ಕೆಂದು ಬಂದಿದ್ದರು. ಒಳ್ಳೆಯ ಮಕ್ಕಳು, ಕಲಿಯುವ ಹಸಿವಿತ್ತು. ಆದರೆ ಇಲ್ಲಿ ನೋಂದಣಿ ಇಲ್ಲದ ಕಾರಣ ಅವರು ನೋಡಬಹುದಿತ್ತು, ಮುಟ್ಟುವಂತಿರಲಿಲ್ಲ. ನಮ್ಮ ವಿದ್ಯಾರ್ಥಿಗಳಿಗೂ "ಗ್ಲೋಬಲ್ ಹೆಲ್ತ್ ಅನುಭವ" ಎಂದು ಲಕ್ಷಗಟ್ಟಲೆ ಹಣಕ್ಕೆ ಎರಡು ಮೂರು ವಾರದ ಪ್ಯಾಕೇಜು ಮಾರುವವರಿದ್ದಾರೆ. ಅಲ್ಲಿ ಹೋಗಿ ಇವರೂ ನಿಂತು ನೋಡಿ ಬರುತ್ತಾರೆ, ಅಷ್ಟೇ. ಆ ದುಡ್ಡು ಉಳಿಸಿ ಎಂದು ನೇರವಾಗಿ ಹೇಳುತ್ತೇನೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ 1981ರಲ್ಲಿ ಸೋಲಿಗರ ನಡುವೆ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವಿದೆ, ಸರಗೂರಿನಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟಿನ ಆಸ್ಪತ್ರೆಯಿದೆ. ಜಗತ್ತಿನ ಆರೋಗ್ಯ ಕಲಿಯಲು ಜಗತ್ತಿನ ಜನ ಬರುವ ಜಾಗಗಳು ನಮ್ಮ ರಾಜ್ಯದಲ್ಲೇ ಇವೆ. ಗಡಿಯಿಲ್ಲದ ವೈದ್ಯರ ಸಂಸ್ಥೆ ಎಂಎಸ್‌ಎಫ್‌ಗೆ ಹೋಗುವ ಕನಸಿದ್ದವರಿಗೂ ಇದೇ ಮೆಟ್ಟಿಲು. ಅವರು ಕನಿಷ್ಠ ಎರಡು ವರ್ಷದ ಅನುಭವ ಕೇಳುತ್ತಾರೆ, ಫ್ರೆಂಚ್ ಬಂದರೆ ಇನ್ನೂ ಒಳ್ಳೆಯದು.

ಇನ್ನು ಇಂಗ್ಲೆಂಡು. ಇಲ್ಲಿ ಎರಡು ಬಾಗಿಲುಗಳಿವೆ, ಒಂದು ಎಂಎಸ್ಸಿ ಓದು, ಇನ್ನೊಂದು ನೇರ ನೋಂದಣಿ. ಏಜೆನ್ಸಿಗಳು ಬೇಕೆಂದೇ ಅವನ್ನು ಕಲಸಿಬಿಡುತ್ತವೆ. 2021ರಲ್ಲಿ ನನಗೆ ಎಂಎಸ್ಸಿ ನರ್ಸಿಂಗ್ ಆಫರ್ ಕೊಡಿಸಿದ ಕನ್ಸಲ್ಟೆನ್ಸಿಯವರು "ಕೋರ್ಸು ಮುಗಿದ ಕೂಡಲೇ ಪಿನ್ ಬರುತ್ತೆ ಸರ್" ಎಂದಿದ್ದರು. ಪಿನ್ ಎಂದರೆ ಬ್ರಿಟನ್ನಿನ ನರ್ಸಿಂಗ್ ಕೌನ್ಸಿಲ್ ಎನ್‌ಎಂಸಿಯ ನೋಂದಣಿ ಸಂಖ್ಯೆ, ಅದಿಲ್ಲದೆ ಅಲ್ಲಿ ನೀವು ನರ್ಸ್ ಅಲ್ಲ. ಡೆಪಾಸಿಟ್ ಕಟ್ಟುವ ಹಿಂದಿನ ದಿನ ಎನ್‌ಎಂಸಿ ನಿಯಮ ನಾನೇ ಓದಿದೆ. ನೋಂದಣಿಗೆಂದೇ ಮಾನ್ಯತೆ ಪಡೆದ ಕೋರ್ಸುಗಳು ಬೇರೆ. ನಮ್ಮಲ್ಲಿ ನರ್ಸ್ ಆದವರು ಮಾಡುವ ಸಾಮಾನ್ಯ ಎಂಎಸ್ಸಿಯಿಂದ ಪಿನ್ ಬರುವುದಿಲ್ಲ, ಅದಾದ ಮೇಲೂ ಸಿಬಿಟಿ ಎಂಬ ಕಂಪ್ಯೂಟರ್ ಪರೀಕ್ಷೆ, ಓಎಸ್‌ಸಿಇ ಎಂಬ ಪ್ರಾಯೋಗಿಕ ಪರೀಕ್ಷೆ ಕೊಡಲೇಬೇಕು. ಹದಿನೈದು ಇಪ್ಪತ್ತು ಲಕ್ಷ ಸಾಲ ಮಾಡಿ, ವಾರಕ್ಕೆ ಇಪ್ಪತ್ತು ಗಂಟೆಯ ಮಿತಿಯಲ್ಲಿ ಕೇರ್ ಹೋಮಿನಲ್ಲಿ ದುಡಿದು, ಕೊನೆಗೆ ಅದೇ ಪರೀಕ್ಷೆ. 2024ರ ಜನವರಿಯಿಂದ ಇಂಥ ಕೋರ್ಸಿಗೆ ಹೆಂಡತಿ ಮಕ್ಕಳನ್ನು ಕರೆತರುವಂತೆಯೂ ಇಲ್ಲ. ಸಂಶೋಧನೆಯಲ್ಲೋ ಬೋಧನೆಯಲ್ಲೋ ನಿಜವಾದ ಆಸೆ ಇರುವವರಿಗೆ ಎಂಎಸ್ಸಿ ಬೆಲೆ ಬಾಳುತ್ತದೆ. ವಾರ್ಡಿಗೆ ಹೋಗುವ ದಾರಿ ಎಂದು ನಂಬಿ ಯಾರೂ ಸಾಲ ಮಾಡಬೇಡಿ.

ನೇರ ಬಾಗಿಲಿಗೆ ಮೊದಲು ಇಂಗ್ಲಿಷ್ ಪರೀಕ್ಷೆ. ನಾನು ಐಇಎಲ್‌ಟಿಎಸ್ ಬಿಟ್ಟು ಆರೋಗ್ಯ ವೃತ್ತಿಯವರಿಗೆಂದೇ ಇರುವ ಓಇಟಿ ಬರೆದೆ, ಆಗ 587 ಆಸ್ಟ್ರೇಲಿಯನ್ ಡಾಲರು, ಸುಮಾರು 32,000 ರೂಪಾಯಿ. ಮೂರು ವಿಭಾಗದಲ್ಲಿ ಬಿ, ಬರವಣಿಗೆಯಲ್ಲಿ ಸಿ ಪ್ಲಸ್ ಬಂದರೆ ಸಾಕು. ಪ್ರಬಂಧದ ಬದಲು ರೋಗಿಯ ಕೇಸ್ ಟಿಪ್ಪಣಿ ಕೊಟ್ಟು ರೆಫರಲ್ ಪತ್ರ ಬರೆಸುತ್ತಾರೆ. ಐಸಿಯು ಹ್ಯಾಂಡೋವರ್ ಬರೆದು ಪಳಗಿದ ಕೈಗೆ ಅದು ಪರಿಚಿತ ಕೆಲಸ. ಸಿಬಿಟಿಯನ್ನು ಬೆಂಗಳೂರಿನಲ್ಲೇ ಬರೆಯಬಹುದು. ಓಎಸ್‌ಸಿಇ ಮಾತ್ರ ಇಂಗ್ಲೆಂಡಿಗೆ ಬಂದ ಮೇಲೆ, ಹತ್ತು ಸ್ಟೇಷನ್, ಅಂದರೆ ಒಂದೊಂದು ಕೆಲಸ ಮಾಡಿ ತೋರಿಸುವ ಹತ್ತು ಹಂತ. ಪೂರ್ತಿ ಪರೀಕ್ಷೆಯ 794 ಪೌಂಡನ್ನು ಆಸ್ಪತ್ರೆಯೇ ಕಟ್ಟಿತು.

ಮೊದಲ ಸಲ ಒಂದು ಸ್ಟೇಷನ್ನಿನಲ್ಲಿ ಬಿದ್ದೆ. ಔಷಧ ಕೊಡುವ ಸ್ಟೇಷನ್. ರೋಗಿಯ ಮಣಿಕಟ್ಟಿನ ಪಟ್ಟಿ ನೋಡಿದೆ, ಚಾರ್ಟಿನ ಅಲರ್ಜಿ ಕಾಲಂ ನೋಡಿದೆ, ಔಷಧ ಕೊಟ್ಟೆ. ಕಣ್ಣಲ್ಲಿ ನೋಡಿದ್ದೆ, "ನಿಮಗೆ ಯಾವುದಾದರೂ ಔಷಧಿ ಆಗಿಬರೋದಿಲ್ವಾ?" ಎಂದು ಬಾಯಿ ಬಿಟ್ಟು ಕೇಳಿರಲಿಲ್ಲ. ನಮ್ಮಲ್ಲಿ ಕೈ ಮಾತಾಡುತ್ತದೆ, ಅಲ್ಲಿ ರೋಗಿಯ ಜೊತೆ ಮಾತಾಡುವುದೇ ಕೆಲಸದ ಅರ್ಧ ಭಾಗ. ಎರಡನೇ ಸಲ ಪಾಸಾಗುವವರೆಗೂ ನನ್ನದು ಸಹಾಯಕನ ಬ್ಯಾಡ್ಜು, ಔಷಧದ ಕಪಾಟು ಮುಟ್ಟುವಂತಿಲ್ಲ. ಪಿನ್ ಬಂದ ಮೇಲೂ ಕ್ಯಾನ್ಯುಲಾ ಹಾಕಲು, ರಕ್ತ ತೆಗೆಯಲು, ನರಕ್ಕೆ ಇಂಜೆಕ್ಷನ್ ಕೊಡಲು ಆ ಆಸ್ಪತ್ರೆಯದೇ ತರಬೇತಿ ಮುಗಿಸಿ ಸಹಿ ಹಾಕಿಸಿಕೊಳ್ಳಬೇಕಿತ್ತು. ಹಾವು ಕಡಿದವರ ರಕ್ತ ತೆಗೆದ ಕೈ ಏಳು ತಿಂಗಳು ಸೂಜಿ ಹಿಡಿಯಲಿಲ್ಲ. ನೋವಾಯಿತು, ಸುಳ್ಳು ಹೇಳುವುದಿಲ್ಲ.

ಆದರೆ ಅಲ್ಲಿ ಬೇರೆಯದೊಂದು ಸಿಕ್ಕಿತು. ಎನ್‌ಇಡಬ್ಲ್ಯುಎಸ್2 ಎಂಬ ಅಂಕ ಪದ್ಧತಿಯಿದೆ. ಉಸಿರು, ನಾಡಿ, ಬಿಪಿ, ಆಮ್ಲಜನಕ, ಜ್ವರ, ಪ್ರಜ್ಞೆ ಎಲ್ಲಕ್ಕೂ ಅಂಕ. ಒಟ್ಟು ಐದು ಮುಟ್ಟಿದರೆ ನಾನು ಡಾಕ್ಟರನ್ನು ತುರ್ತಾಗಿ ಕರೆಯಬೇಕು, ಏಳಾದರೆ ಇನ್ನೂ ಮೇಲಿನ ತಂಡವನ್ನು. "ಅರ್ಧರಾತ್ರಿ ಯಾಕೆ ಎಬ್ಬಿಸಿದೆ?" ಎಂದು ಯಾರೂ ಗದರುವುದಿಲ್ಲ. ಬರೆದ ಡೋಸು ತಪ್ಪು ಅನಿಸಿದರೆ "ಇದನ್ನು ನಾನು ಕೊಡುವುದಿಲ್ಲ, ಒಮ್ಮೆ ನೋಡಿ" ಎಂದಾಗ ಡಾಕ್ಟರು ಚಾರ್ಟು ತೆಗೆದುಕೊಂಡು ನೋಡುತ್ತಾರೆ. ನರ್ಸಿನ ವಿವೇಚನೆಗೆ ಇಷ್ಟು ಬೆಲೆಯಿರುವುದನ್ನು ನಾನು ಮೊದಲು ಕಂಡದ್ದು ಅಲ್ಲಿ. 2025–26ರಲ್ಲಿ ಹೊಸ ನರ್ಸಿನ ದರ್ಜೆಯಾದ ಬ್ಯಾಂಡ್ 5ರ ಆರಂಭ ಸಂಬಳ ವರ್ಷಕ್ಕೆ 31,049 ಪೌಂಡ್. ಮನೆ ಬಾಡಿಗೆ, ತೆರಿಗೆ ಕಳೆದು ಊರಿಗೆ ಕಳಿಸಲು ಉಳಿಯುತ್ತದೆ, ಜನ ಊಹಿಸಿದಷ್ಟಲ್ಲ. ಹೊರದೇಶದಿಂದ ತೆಗೆದುಕೊಳ್ಳುವುದು ನಾನು ಬಂದಾಗಿನಷ್ಟು ಈಗಿಲ್ಲ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಜರ್ಮನಿಯದು ಉದ್ದನೆಯ ದಾರಿ. ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಸಂಜೆ ತರಗತಿ, ನಾನು ನೈಟ್ ಡ್ಯೂಟಿಗೆ ಹೋಗುವ ಮೊದಲು. ಬಿ2ವರೆಗೆ ಒಂದೂವರೆ ವರ್ಷ ಹಿಡಿಯಿತು. ಓದು, ಆಲಿಸುವಿಕೆ, ಬರಹ, ಮಾತು ಎಂದು ನಾಲ್ಕು ಭಾಗ, ಪ್ರತಿಯೊಂದರಲ್ಲೂ ನೂರಕ್ಕೆ 60 ಬೇಕು. ಆಲಿಸುವಿಕೆಯಲ್ಲಿ ಒಮ್ಮೆ ಹೋಯಿತು, ಅದೊಂದನ್ನೇ ಮತ್ತೆ ಬರೆದೆ. ಆಮೇಲೆ ಮಾನ್ಯತೆಯ ಅರ್ಜಿ. ಒಂದೊಂದು ರಾಜ್ಯಕ್ಕೆ ಒಂದೊಂದು ಕಚೇರಿ, ಎಲ್ಲ ದಾಖಲೆಗೂ ಜರ್ಮನ್ ಅನುವಾದ. ತಿಂಗಳುಗಟ್ಟಲೆ ಕಾದ ಮೇಲೆ ಡೆಫಿಜಿಟ್‌ಬೆಶೈಡ್ ಬಂತು. ನಿಮ್ಮ ಓದಿನಲ್ಲಿ ಇಂಥಿಂಥದ್ದು ಕಡಿಮೆ ಬಿದ್ದಿದೆ ಎಂದು ತಿಳಿಸುವ ಪತ್ರ ಅದು. ಕಡಿಮೆ ಬಿದ್ದದ್ದನ್ನು ಅಲ್ಲಿಯ ತರಬೇತಿಯಲ್ಲಿ ತುಂಬಬೇಕು, ಇಲ್ಲವೇ ಜ್ಞಾನ ಪರೀಕ್ಷೆ ಕೊಡಬೇಕು. ಅಲ್ಲಿಯವರೆಗೆ ಅಲ್ಲೂ ಸಹಾಯಕನ ಕೆಲಸವೇ. ಕೋವಿಡ್‌ನಿಂದ ವೀಸಾ ಕೆಲಸ ನಿಂತಿತ್ತು. ನಾನು ಇಂಗ್ಲೆಂಡಿನ ಕಡೆ ತಿರುಗಿದೆ.

ಜರ್ಮನಿಯ ವಾರ್ಡು ನಾನು ಕಂಡದ್ದು ಚಿಕ್ಕಪ್ಪನ ಮಗಳ ಮಾತಿನಲ್ಲಿ. ಪಿಯುಸಿ ಮುಗಿಸಿ, ಭಾಷೆ ಕಲಿತು, ಅವಳು ಔಸ್‌ಬಿಲ್ಡುಂಗ್, ಅಂದರೆ ದುಡಿಯುತ್ತಲೇ ಕಲಿಯುವ ನರ್ಸಿಂಗ್ ತರಬೇತಿ, ಸೇರಿದಳು. 2020ರಲ್ಲಿ ಜಾರಿಗೆ ಬಂದ ಕಾನೂನಿನ ಪ್ರಕಾರ ಮೂರು ವರ್ಷ, 2,100 ಗಂಟೆ ಪಾಠ, 2,500 ಗಂಟೆ ಕೆಲಸ. ಫೀಸು ಕಟ್ಟುವುದಿಲ್ಲ, ಬದಲಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಮೊದಲ ವರ್ಷವೇ ತಿಂಗಳಿಗೆ 1,300 ಯೂರೋ ಮೇಲೆ ಸಿಗುತ್ತದೆ. ಬೆಳಗಿನ ಆರಕ್ಕೆ ಬೋಗುಣಿಯಲ್ಲಿ ಬೆಚ್ಚನೆ ನೀರು ಹಿಡಿದು ಅಜ್ಜಿಯೊಬ್ಬಳ ಮುಖ, ಕಂಕುಳು, ಪಾದ ಒರೆಸುವುದರಿಂದ ಅವಳ ದಿನ ಶುರು. ನಮ್ಮಲ್ಲಿ ಇದನ್ನು ಮನೆಯವರೋ ಆಯಾನೋ ಮಾಡುತ್ತಾರೆ, ಅಲ್ಲಿ ನರ್ಸಿನದೇ ಕೆಲಸ. "ಅಣ್ಣಾ, ಮೈ ಒರೆಸೋವಾಗ ಬೆನ್ನಿನ ಕೆಂಪು ಕಾಣತೈತಿ, ಅಲ್ಲೇ ಹುಣ್ಣು ತಡೀಬೇಕು ಅಂತ ಕಲಿಸ್ಯಾರ" ಎಂದಳು ಒಮ್ಮೆ. ಕೀಳು ಕೆಲಸವೆಂದು ಮೂಗು ಮುರಿಯುವವರು ಈ ಮಾತು ನೆನಪಿಡಲಿ.

ಹಾಗಾಗಿ ನನ್ನ ತೀರ್ಪು ವಯಸ್ಸಿನ ಮೇಲೆ ನಿಂತಿದೆ. ಪಿಯುಸಿ ಆಗಿದೆ, ಕಾಲೇಜಿಗೆ ಲಕ್ಷಗಟ್ಟಲೆ ಸುರಿಯುವ ಶಕ್ತಿ ಇಲ್ಲ, ಭಾಷೆಗೆ ತಾಳ್ಮೆ ಇದೆ ಎನ್ನುವವರಿಗೆ ಜರ್ಮನಿಯ ಔಸ್‌ಬಿಲ್ಡುಂಗ್ ಎಲ್ಲಕ್ಕಿಂತ ಮೇಲು. ಬಿಎಸ್ಸಿ ಮುಗಿಸಿ ಐಸಿಯು ಅನುಭವ ಇರುವವರಿಗೆ ಇಂಗ್ಲೆಂಡಿನ ನೇರ ನೋಂದಣಿ, ಎಂಎಸ್ಸಿ ಅಲ್ಲ. ಈಗಷ್ಟೇ ಬಿಎಸ್ಸಿ ಮುಗಿಸಿದ ಇಪ್ಪತ್ತೆರಡರ ಹುಡುಗರಿಗೆ ಮೊದಲ ಒಂದು ವರ್ಷ ಕಾಡಂಚು. ಹೊರದೇಶದಲ್ಲಿ ಕೈ ಕಟ್ಟಿ ನಿಲ್ಲುವ ತಿಂಗಳುಗಳಲ್ಲಿ ನನ್ನ ಮೇಲೆ ನನಗೆ ನಂಬಿಕೆ ಉಳಿಸಿದ್ದು ಆ ಗಾಜಿನ ಕೊಳವೆ.

ಕೊಲ್ಲಿ ದೇಶಗಳಿಗೆ ನಾನು ಹೋಗಿಲ್ಲ. ಹೋಗುವವರು ಇಷ್ಟಾದರೂ ತಿಳಿದಿರಿ: ಭಾರತದಲ್ಲಿ ನೋಂದಾಯಿತ ಏಜೆಂಟ್ ಪಡೆಯಬಹುದಾದ ಶುಲ್ಕ 30,000 ರೂಪಾಯಿ ಮತ್ತು ಜಿಎಸ್‌ಟಿ ಮಾತ್ರ. ಅಮೆರಿಕದ ನರ್ಸ್ ನೋಂದಣಿ ಪರೀಕ್ಷೆ ಎನ್‌ಕ್ಲೆಕ್ಸ್ ಪಾಸಾದ ಗೆಳೆಯರು ಗ್ರೀನ್ ಕಾರ್ಡ್ ಸಾಲಿನಲ್ಲಿ ನಿಂತಿದ್ದಾರೆ, ಭಾರತದಲ್ಲಿ ಹುಟ್ಟಿದವರ ಸಾಲು ಹತ್ತು ವರ್ಷ ಮೀರಿದೆ.

ಯಾವ ದಾರಿ ಹಿಡಿದರೂ, ಕಾಲೇಜಿನಲ್ಲಿರುವಾಗಲೇ ಮಾಡಬೇಕಾದ ಕೆಲಸ ಒಂದಿದೆ. ನನ್ನ ಜರ್ಮನ್ ಪತ್ರದಲ್ಲಿ ಕಡಿಮೆ ಬಿದ್ದದ್ದು ಹಿರಿಯರ ಆರೈಕೆಯ ಗಂಟೆಗಳು. ನಾನು ಮೂರನೇ ವರ್ಷದಲ್ಲಿ ವೃದ್ಧಾಶ್ರಮದಲ್ಲಿ ಮೂರು ವಾರ ಪೋಸ್ಟಿಂಗ್ ಮಾಡಿದ್ದೆ. ಟ್ರಾನ್ಸ್‌ಕ್ರಿಪ್ಟಿನಲ್ಲಿ ಅದು ಬೇರೆಯಾಗಿ ಬಂದಿರಲಿಲ್ಲ, ಲಾಗ್ ಬುಕ್ಕನ್ನು ಹಾಸ್ಟೆಲ್ ಖಾಲಿ ಮಾಡುವಾಗ ಬಿಟ್ಟು ಬಂದಿದ್ದೆ. ನಿಮ್ಮ ಲಾಗ್ ಬುಕ್ಕಿನ ಪ್ರತಿ ಪುಟದಲ್ಲೂ ದಿನಾಂಕ, ವಾರ್ಡು, ಗಂಟೆ ಬರೆದು, ಮೇಡಂ ಸಹಿ ಮತ್ತು ಕಾಲೇಜಿನ ಸೀಲು ಹಾಕಿಸಿ, ಮನೆಯಲ್ಲಿ ಅಂಕಪಟ್ಟಿ ಇಡುವ ಜಾಗದಲ್ಲೇ ಇಡಿ.